ಯಾವ ಪಿಜ್ಜಾಗೆ ಹೊರಗೆ ಹೋಗ್ಬೇಕು, ಯಾವ್ದನ್ನ ಮನೇಲೇ ಮಾಡ್ಕೋಬೇಕು: ಡೆಟ್ರಾಯ್ಟ್ ಕಡೆಯಿಂದ ಒಂದು ಲೆಕ್ಕ

ನಾವಿರೋದು ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ಕಡೆ. ಹೋದ ಚಳಿಗಾಲದಲ್ಲಿ ಒಂದು ಶುಕ್ರವಾರ ರಾತ್ರಿ, ಹೊರಗೆ ಹಿಮ, ಯಾರಿಗೂ ಅಡುಗೆ ಮಾಡೋ ಮನಸ್ಸಿಲ್ಲ, ನಾಲ್ಕು ಜನ ಪಿಜ್ಜಾ ತಿನ್ನೋಣ ಅಂತ ಹೋದ್ವಿ. ಎರಡು ಪಿಜ್ಜಾ 42 ಡಾಲರ್, ಒಂದು ಸಲಾಡ್ 12, ಮಕ್ಕಳ ಕೋಕು ಎರಡಕ್ಕೆ 7, ಒಟ್ಟು 61. ಸರಿ ಬಿಡು ಅಂದ್ಕೊಂಡೆ, ಆಮೇಲೆ ಮಿಷಿಗನ್ ಸೇಲ್ಸ್ ಟ್ಯಾಕ್ಸ್ 6% ಸೇರ್ತು, ಆಮೇಲೆ ಬಿಲ್ ತಂದ ಹುಡುಗಿ ಮೆಷಿನ್ ನಮ್ಮ ಕಡೆ ತಿರುಗಿಸಿ ಟಿಪ್ ಎಷ್ಟು ಅಂತ ಬಟನ್ ತೋರಿಸಿದ್ಲು, 20% ಒತ್ತಿದೆ, ಕಾರಲ್ಲಿ ಕೂತು ನೋಡಿದ್ರೆ 77 ಡಾಲರಿಗೆ ಹದಿನಾಲ್ಕು ಸೆಂಟ್ ಕಮ್ಮಿ. ಕಾರ್ಡಲ್ಲಿ ಉಜ್ಜೋವಾಗ ಗೊತ್ತಾಗಲ್ಲ ನೋಡಿ, ಮನೆಗೆ ಬಂದ್ಮೇಲೆ ಹೊಟ್ಟೆ ಉರಿಯತ್ತೆ.

ಹೋಟೆಲಿನವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಅವರಿಗೂ ಕಷ್ಟ ಇದೆ, ಮಿಷಿಗನ್‌ನಲ್ಲಿ ಕನಿಷ್ಠ ಕೂಲಿ 2025ರ ಫೆಬ್ರವರಿಯಲ್ಲಿ ಒಂದೇ ಸಲ ಗಂಟೆಗೆ 10.56ರಿಂದ 12.48 ಡಾಲರಿಗೆ ಹೋಯ್ತು, ಅದು ಕೆಲಸದವರಿಗೆ ನ್ಯಾಯವಾಗೇ ಸಿಗಬೇಕಾದ್ದು, ಆದ್ರೆ ಅಂಗಡಿ ಬಾಡಿಗೆ ಇನ್ಶೂರೆನ್ಸ್ ಎಲ್ಲಾ ಜೊತೆಗೆ ಸೇರಿ ಕೊನೆಗೆ ನಮ್ಮ ಬಿಲ್ಲಿಗೇ ಬರತ್ತೆ. ಸರ್ಕಾರದ ಬೆಲೆ ಸೂಚ್ಯಂಕ ನೋಡಿದ್ರೆ ಇನ್ನೊಂದು ಮಜಾ ಇದೆ. 2022ರಲ್ಲಿ ದಿನಸಿ ಬೆಲೆನೇ ಜಾಸ್ತಿ ಓಡಿದ್ದು, 11.8%, ಹೊರಗಿನ ಊಟ 8.3%. ಮುಂದಿನ ವರ್ಷ ದಿನಸಿ ತಣ್ಣಗಾಗಿ 1.3%ಗೆ ಇಳೀತು, ಹೊರಗಿನ ಊಟ ಮಾತ್ರ 5.2% ಏರ್ತು, 2024ರಲ್ಲಿ 1.8% ಮತ್ತು 3.6%. ಅಂದ್ರೆ 2023ರಿಂದ ಈಚೆಗೆ ಮನೆ ಅಡುಗೆಗೂ ಹೋಟೆಲ್ ಊಟಕ್ಕೂ ನಡುವಿನ ಅಂತರ ಅಗಲ ಆಗ್ತಾ ಬಂದಿದೆ. ಇನ್ನೊಂದು, ಇಲ್ಲಿ ಹಿಟ್ಟು ಟೊಮೆಟೊ ಚೀಸ್ ಅಂಗಡಿಯಿಂದ ತಂದ್ರೆ ಸೇಲ್ಸ್ ಟ್ಯಾಕ್ಸೇ ಇಲ್ಲ, ಬೇಯಿಸಿದ್ದು ತಂದ್ರೆ ಮಾತ್ರ ಇದೆ.

ಹಾಗಂತ ಪಿಜ್ಜಾ ಬಿಡೋಕಾಗತ್ತಾ? ಆಗಲ್ಲ. ನಾನು ಮಾಡ್ಕೊಂಡಿರೋ ರೂಲ್ ಇಷ್ಟೇ, ಮನೆ ಓವನ್‌ನಲ್ಲಿ ಆಗದೇ ಇರೋ ಪಿಜ್ಜಾಗೆ ಮಾತ್ರ ಹೊರಗೆ ದುಡ್ಡು ಕೊಡೋದು, ಮನೇಲಿ ಅಷ್ಟೇ ಚೆನ್ನಾಗಿ ಆಗೋದನ್ನ ಮನೇಲಿ ಮಾಡೋದು. ಅದಕ್ಕೆ ಯಾವ ಊರಿನ ಪಿಜ್ಜಾ ಹೇಗೆ ಬೇಯತ್ತೆ ಅಂತ ಗೊತ್ತಿರ್ಬೇಕು. ಈ ದೇಶದಲ್ಲಿ ಪಿಜ್ಜಾ ಅಂದ್ರೆ ನಮ್ಮ ಕಡೆ ದೋಸೆ ಇದ್ದ ಹಾಗೆ ಮಾರಾಯ್ರೆ, ದಾವಣಗೆರೆಯವರ ಬೆಣ್ಣೆ ದೋಸೆ, ಮಂಗಳೂರಿನವರ ನೀರು ದೋಸೆ, ಮೈಸೂರಿನವರ ಕೆಂಪು ಚಟ್ನಿ ಸವರಿದ ಮಸಾಲೆ, ಎಲ್ಲರೂ ತಮ್ಮದೇ ಸರಿ ಅಂತಾರೆ.

ಮನೆ ಓವನ್ ಜಾಸ್ತಿ ಅಂದ್ರೆ 500, 550 ಡಿಗ್ರಿ ಫ್ಯಾರನ್‌ಹೀಟ್, ಸೆಂಟಿಗ್ರೇಡಲ್ಲಿ 260ರಿಂದ 288. ಎಲ್ಲಾ ನಿಂತಿರೋದು ಈ ಒಂದು ಸಂಖ್ಯೆ ಮೇಲೆ. ನೇಪಲ್ಸ್ ಪಿಜ್ಜಾ ಬೇಯೋದು ಸೌದೆ ಒಲೇಲಿ ಹೆಚ್ಚುಕಮ್ಮಿ 485 ಸೆಂಟಿಗ್ರೇಡಲ್ಲಿ, ಒಂದು ಒಂದೂವರೆ ನಿಮಿಷದಲ್ಲಿ ಮುಗಿದು ಹೋಗತ್ತೆ, ಅದಕ್ಕೇ ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು ಒಳಗೆ ಮೆತ್ತಗೆ ಇರತ್ತೆ. ಅದನ್ನ ಮನೆ ಓವನ್‌ಗೆ ಹಾಕಿದ್ರೆ ಎಂಟು ನಿಮಿಷ ಆಗತ್ತೆ, ಅಷ್ಟರಲ್ಲಿ ನೀರಿನಂಶ ಎಲ್ಲಾ ಆರಿ ಹಪ್ಪಳ. ಯೂಟ್ಯೂಬ್ ನೋಡಿ ನಾನೂ ಮಾಡಿದೀನಿ, ಬೇಡ. ಅದಕ್ಕೆ ಹೊರಗೇ ಹೋಗಿ.

ನ್ಯೂ ಹೇವನ್‌ದೂ ಅದೇ ಕಥೆ. ಕನೆಕ್ಟಿಕಟ್‌ನ ಆ ಊರಲ್ಲಿ ವೂಸ್ಟರ್ ಬೀದೀಲಿ ಫ್ರಾಂಕ್ ಪೆಪೆ 1925ರಲ್ಲಿ ಪಿಜ್ಜಾ ಅಂಗಡಿ ಶುರು ಮಾಡಿದ್ದು, ಇವತ್ತಿಗೂ ಅಲ್ಲಿ ಕಲ್ಲಿದ್ದಲ ಒಲೆನೇ. ಅಲ್ಲಿ ಅದನ್ನ ಪಿಜ್ಜಾ ಅನ್ನಲ್ಲ, ‘ಅಬೀಟ್ಸ್’ ಅಂತಾರೆ. ಸುಮ್ನೆ ಪ್ಲೇನ್ ಕೇಳಿದ್ರೆ ಟೊಮೆಟೊ ಮತ್ತೆ ಮೇಲೆ ಸ್ವಲ್ಪ ತುರಿದ ಗಟ್ಟಿ ಚೀಸ್ ಅಷ್ಟೇ, ಮೊಝರೆಲಾ ಬೇಕಂದ್ರೆ ಬೇರೆ ಹೇಳ್ಬೇಕು. ಊರಿನ ಹೆಸರುವಾಸಿ ಐಟಂ ಚಿಪ್ಪಿನ ಮಾಂಸ ಹಾಕಿದ ಬಿಳಿ ಪಿಜ್ಜಾ, ಕರಾವಳಿಯವರು ಮರುವಾಯಿ ಅಂದ್ಕೊಂಡು ತಿನ್ನಬಹುದು, ನಮ್ಮಂಥ ಪುಳಿಚಾರಿನವರಿಗೆ ಪ್ಲೇನೇ ಗತಿ, ಬೇಜಾರಿಲ್ಲ, ಆ ಸುಟ್ಟ ಅಂಚಿನ ರುಚಿಗೆ ಅಷ್ಟು ದೂರ ಹೋದ್ರೂ ತಪ್ಪಿಲ್ಲ.

ನ್ಯೂಯಾರ್ಕ್ ಸ್ಲೈಸ್ ವಿಷಯ ಬೇರೆ. ಮನೇಲಿ ಮಾಡೋಕೆ ಆಗತ್ತೆ, ಓವನ್ ಒಳಗೆ ದಪ್ಪ ಸ್ಟೀಲ್ ಪ್ಲೇಟ್ ಇಟ್ಟು ಒಂದು ಗಂಟೆ ಕಾಯಿಸಿದ್ರೆ ಹತ್ತಿರ ಹತ್ತಿರ ಬರತ್ತೆ, ಆದ್ರೆ ಅದು ಹೊರಗೆ ತಿಂದ್ರೂ ಜೇಬಿಗೆ ಭಾರ ಅಲ್ಲ, ಒಂದೇ ತುಂಡು ಕೊಂಡು ಮಡಚಿ ನಿಂತ್ಕೊಂಡು ತಿನ್ನೋದು, ಟಿಪ್ಪು ಮೇಜು ಏನೂ ಇಲ್ಲ. ಆ ಊರಲ್ಲಿ 1980ರಿಂದ ಒಂದು ತಮಾಷೆ ಲೆಕ್ಕ ಇದೆ, ಒಂದು ಪಿಜ್ಜಾ ತುಂಡಿನ ಬೆಲೆ ಮತ್ತೆ ಸಬ್‌ವೇ ರೈಲಿನ ಟಿಕೆಟ್ ಬೆಲೆ ಯಾವಾಗ್ಲೂ ಅಕ್ಕಪಕ್ಕ ಓಡ್ತವೆ ಅಂತ. 2023ರಲ್ಲಿ ಟಿಕೆಟ್ 2.90 ಡಾಲರ್ ಆಯ್ತು, ಒಳ್ಳೆ ಅಂಗಡಿ ಸ್ಲೈಸ್ ಆಗ್ಲೇ ಅದನ್ನ ದಾಟಿ ಮುಂದೆ ಹೋಗಿತ್ತು. ಒಂದು ಡಾಲರ್ ಸ್ಲೈಸ್ ಅಂತ ಬೋರ್ಡ್ ಹಾಕಿದ್ದ ಎಷ್ಟೋ ಅಂಗಡಿಗಳು ಬೋರ್ಡ್ ಬದಲಾಯಿಸಿ ಒಂದೂವರೆ ಮಾಡಿದ್ವು.

ಶಿಕಾಗೋ ಅಂದ ತಕ್ಷಣ ಎಲ್ಲರೂ ಆ ದಪ್ಪ ಡೀಪ್ ಡಿಶ್ ಅಂತಾರೆ, 1943ರಲ್ಲಿ ಪಿಝೇರಿಯಾ ಊನೋದಲ್ಲಿ ಶುರುವಾಗಿದ್ದು, ಅದು ನೋಡೋಕೆ ಪಿಜ್ಜಾಗಿಂತ ಚೀಸ್ ತುಂಬಿದ ಬಾಣಲೆ ಥರ. ಊರಿನ ಜನ ವಾರದ ದಿನ ತಿನ್ನೋದು ಟ್ಯಾವರ್ನ್ ಸ್ಟೈಲ್, ಪೇಪರ್ ಥರ ತೆಳು, ಚೌಕ ಚೌಕ ಕತ್ತರಿಸಿರ್ತಾರೆ. ಇದು ನಮ್ಮ ಕೈಗೆ ಹೇಳಿ ಮಾಡ್ಸಿದ್ದು ಯಾಕಂದ್ರೆ ಲಟ್ಟಣಿಗೇಲಿ ಲಟ್ಟಿಸೋದು! ಚಪಾತಿ ಲಟ್ಟಿಸಿ ಗೊತ್ತಿದ್ರೆ ಅರ್ಧ ಕೆಲಸ ಮುಗೀತು. ಲಟ್ಟಿಸಿದ ಹಾಳೆಯನ್ನ ಮುಚ್ಚದೆ ಒಂದು ರಾತ್ರಿ ಫ್ರಿಜ್‌ನಲ್ಲಿ ಆರಕ್ಕೆ ಬಿಡಿ, ಮಾರನೇ ದಿನ ಬೇಯಿಸಿದ್ರೆ ಚಕ್ಕುಲಿ ಥರ ಕಟಕಟ. ಸೇಂಟ್ ಲೂಯಿಸ್‌ದು ಇನ್ನೂ ಸುಲಭ, ಹಿಟ್ಟಿಗೆ ಈಸ್ಟೇ ಇಲ್ಲ, ಆದ್ರೆ ಅದಕ್ಕೆ ಹಾಕೋ ಪ್ರೊವೆಲ್ ಅನ್ನೋ ಚೀಸ್ ಹಲ್ಲಿಗೆ ಅಂಟತ್ತೆ, ಆ ಊರಿನವರಿಗೆ ಪ್ರಾಣ, ನನಗೆ ಹಿಡಿಸಿಲ್ಲ.

ಈಗ ನಮ್ಮೂರಿಗೆ ಬರ್ತೀನಿ. ಡೆಟ್ರಾಯ್ಟ್ ಪಿಜ್ಜಾ ಹುಟ್ಟಿದ್ದು 1946ರಲ್ಲಿ, ಸಿಕ್ಸ್ ಮೈಲ್ ರೋಡು ಕೊನಾಂಟ್ ಬೀದಿ ಸೇರೋ ಮೂಲೆಯ ಬಡ್ಡೀಸ್ ಅನ್ನೋ ಬಾರಲ್ಲಿ, ಮಾಲೀಕ ಗಸ್ ಗೆರಾ. ಅದರ ತಟ್ಟೆ ನೋಡಿ, ಕಾರ್ ಫ್ಯಾಕ್ಟರೀಲಿ ನಟ್ಟು ಬೋಲ್ಟು ಸಣ್ಣಪುಟ್ಟ ಬಿಡಿಭಾಗ ಹಾಕಿಡೋ ನೀಲಿ ಉಕ್ಕಿನ ಆಯತಾಕಾರದ ಟ್ರೇ, ಅದರಲ್ಲೇ ಪಿಜ್ಜಾ ಬೇಯಿಸಿದ್ರು. ದಪ್ಪ ಉಕ್ಕು, ಚೆನ್ನಾಗಿ ಬಿಸಿ ಹಿಡಿಯತ್ತೆ, ಓರೆಯಾದ ಎತ್ತರದ ಅಂಚು, ಆ ಅಂಚಿಗೆ ಚೀಸ್ ತಾಗಿ ಕರಗಿ ಎಣ್ಣೇಲಿ ಕರಿದ ಹಾಗೆ ಗರಿಗರಿ ಗೋಡೆ ಕಟ್ಟತ್ತೆ. ಚಿಕ್ಕವರಿದ್ದಾಗ ತುಪ್ಪ ಕಾಯಿಸಿದ ಪಾತ್ರೆ ತಳದ ಕಂದು ಚರಟ ಕೆರೆದು ಸಕ್ಕರೆ ಹಾಕ್ಕೊಂಡು ತಿಂತಿದ್ವಲ್ಲ, ಆ ರುಚಿಗೆ ಹತ್ತಿರದ ಸಂಬಂಧಿ. ನಮ್ಮನೇಲಿ ನಾಲ್ಕು ಮೂಲೆಗೆ ನಾಲ್ಕು ಜನ ಅಂತ ಒಪ್ಪಂದ ಆಗಿದೆ, ನೆಂಟರು ಬಂದ್ರೆ ಜಗಳ.

ಇದಕ್ಕೆ ವಿಪರೀತ ಬಿಸಿ ಬೇಡ, ಗಾಳೀಲಿ ಹಿಟ್ಟು ತಿರುಗಿಸೋ ಸರ್ಕಸ್ ಬೇಡ, ಓವನ್ನೊಳಗೆ ಜಾರಿಸೋ ಮರದ ಹಲಗೆ ಬೇಡ. ಮನೇಲಿ ಅಂಗಡಿ ಮಟ್ಟಕ್ಕೆ ಬರೋ ಪಿಜ್ಜಾ ಅಂತ ಇದ್ರೆ ಇದೇ. ಮಾಡೋದು ಹೇಗೆ ಅಂತ ಪೂರ್ತಿ ಹೇಳ್ತೀನಿ.

ಮೊದಲು ತಟ್ಟೆ. 10 ಇಂಚು 14 ಇಂಚಿನದು ತಗೊಳ್ಳಿ, ನಾನು ಆನ್‌ಲೈನ್‌ನಲ್ಲಿ ಮೂವತ್ತು ಡಾಲರ್ ಕೊಟ್ಟೆ, ಆ ಒಂದು ರಾತ್ರಿ ಬಿಲ್‌ನ ಅರ್ಧ ಕೂಡ ಅಲ್ಲ. ನೀಲಿ ಉಕ್ಕಿನದಾದ್ರೆ ದೋಸೆ ಹಂಚು ಪಳಗಿಸೋ ಹಾಗೇ ಪಳಗಿಸ್ಬೇಕು, ಎಣ್ಣೆ ತೆಳ್ಳಗೆ ಸವರಿ ಓವನ್‌ನಲ್ಲಿ ಒಂದು ಗಂಟೆ, ಎರಡು ಮೂರು ಸಲ. ಆಮೇಲೆ ಸೋಪ್ ಹಾಕಿ ಉಜ್ಜೋ ಹಾಗಿಲ್ಲ, ಬಿಸಿನೀರಲ್ಲಿ ಒರೆಸಿ ಇಡಿ. ಇದನ್ನ ಮನೆಯವರಿಗೆಲ್ಲ ಮೊದಲೇ ಹೇಳಿ, ನಾನು ಹೇಳಿರಲಿಲ್ಲ, ಯಾರೋ ಡಿಶ್‌ವಾಶರ್‌ಗೆ ಹಾಕಿ ತುಕ್ಕು ಹಿಡಿದು ಮತ್ತೆ ಮೊದಲಿಂದ. ಕಪ್ಪು ಬಣ್ಣದ ಆನೊಡೈಸ್ಡ್ ಅಲ್ಯುಮಿನಿಯಂ ಆದ್ರೆ ಈ ತಾಪತ್ರಯ ಇಲ್ಲ.

ಹಿಟ್ಟು ಹಿಂದಿನ ರಾತ್ರೀನೇ ಕಲಸಿಡೋದು. ಬ್ರೆಡ್ ಫ್ಲೋರ್ (ಬ್ರೆಡ್ ಮಾಡೋಕೆ ಅಂತ ಮಾರೋ ಬಿಳಿ ಗೋಧಿ ಹಿಟ್ಟು) 300 ಗ್ರಾಂ, ನೀರು 220 ಗ್ರಾಂ, ಒಂದು ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಇನ್‌ಸ್ಟಂಟ್ ಈಸ್ಟ್. ಅವತ್ತೇ ಮಾಡೋದಾದ್ರೆ ಈಸ್ಟ್ ಒಂದು ಟೀ ಚಮಚ. ತಕ್ಕಡಿ ಇಟ್ಕೊಳ್ಳಿ, ಕಪ್ ಅಳತೆ ನಂಬಬೇಡಿ. ಕಲಸಿದಾಗ ಕೈಗೆಲ್ಲಾ ಅಂಟತ್ತೆ, ಇಲ್ಲೇ ಎಲ್ಲರೂ ಹೆದರಿ ಇನ್ನೊಂದು ಹಿಡಿ ಹಿಟ್ಟು ಸುರಿಯೋದು, ಸುರಿದ್ರೋ ಕೆಟ್ಟಿತು. ನಮ್ಮಮ್ಮ ಊರಿಂದ ಬಂದಿದ್ದಾಗ ಪಕ್ಕದಲ್ಲಿ ನಿಂತು ನೋಡಿ, ಇದೇನೋ ಇದು, ಹೋಳಿಗೆ ಕಣಕ ಅಲ್ವೇನೋ, ಇದಕ್ಯಾಕೆ ಇಷ್ಟು ವಿಡಿಯೋ ನೋಡ್ತೀಯ ಅಂದ್ರು. ನಿಜವಾಗ್ಲೂ ಅದೇ ಹದ! ನಾದೋಕೆ ಹೋಗ್ಬೇಡಿ, ಇಪ್ಪತ್ತು ನಿಮಿಷ ಮುಚ್ಚಿಡಿ, ಕೈ ಒದ್ದೆ ಮಾಡ್ಕೊಂಡು ನಾಲ್ಕು ಕಡೆಯಿಂದ ಎಳೆದು ಒಳಕ್ಕೆ ಮಡಚಿ, ಮತ್ತೆ ಇಪ್ಪತ್ತು ನಿಮಿಷ, ಹೀಗೆ ಮೂರು ಸಲ. ಮೂರನೇ ಸಲಕ್ಕೆ ಅದೇ ಅಂಟು ಮುದ್ದೆ ನುಣ್ಣಗೆ ಬಲೂನ್ ಥರ ಆಗಿರತ್ತೆ. ಮುಚ್ಚಿ ಫ್ರಿಜ್‌ಗೆ ಹಾಕಿ ಮಲ್ಕೊಳ್ಳಿ.

ಮಾರನೇ ದಿನ ತಟ್ಟೆಗೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿ ಮೂಲೆವರೆಗೂ ಸವರಿ ಹಿಟ್ಟು ಇಟ್ಟು ಅಕ್ಕಿ ರೊಟ್ಟಿ ತಟ್ಟೋ ಹಾಗೆ ಬೆರಳ ತುದೀಲಿ ತಟ್ಟಿ. ಮೊದಲನೇ ಸಲ ಮೂಲೆಗೆ ಹೋಗಲ್ಲ, ಎಳೆದಷ್ಟೂ ವಾಪಸ್ ಬರತ್ತೆ, ಹಠ ಮಾಡ್ಬೇಡಿ ಅದು ತಣ್ಣಗಿದೆ, ಅರ್ಧ ಗಂಟೆ ಬಿಟ್ಟು ಬನ್ನಿ ತಾನಾಗೇ ಹೋಗತ್ತೆ. ಆಮೇಲೆ ಮುಚ್ಚಿ ಎರಡು ಎರಡೂವರೆ ಗಂಟೆ ಬೆಚ್ಚಗಿನ ಜಾಗದಲ್ಲಿ, ಜನವರೀಲಿ ಮಿಷಿಗನ್ ಅಡುಗೆಮನೇಲಿ ಬೆಚ್ಚಗಿನ ಜಾಗ ಎಲ್ಲಿ ಅಂದ್ರೆ ಓವನ್ ಲೈಟ್ ಮಾತ್ರ ಹಾಕಿ ಅದರೊಳಗೆ, ಇಡ್ಲಿ ಹಿಟ್ಟು ಇಡೋ ಜಾಗ ಗೊತ್ತಲ್ಲ ಅಲ್ಲೇ. ತಟ್ಟೆ ಅಲ್ಲಾಡಿಸಿದ್ರೆ ಹಿಟ್ಟು ನಡುಗ್ಬೇಕು, ಮೇಲೆ ಗುಳ್ಳೆ ಕಾಣ್ಬೇಕು. ತಟ್ಟೆ ಹೊರಗೆ ತೆಗೆದು ಆಮೇಲೆ ಓವನ್ ಹಚ್ಚಿ (ಮರೆತು ಒಳಗಿಟ್ಟೇ ಹಚ್ಚಿದವರನ್ನ ಕನ್ನಡೀಲಿ ನೋಡಿದೀನಿ), ಇರೋ ಅಷ್ಟೂ ಬಿಸಿಗೆ, ಮುಕ್ಕಾಲು ಗಂಟೆ, ಕೆಳಗಿನ ಕಂಬಿ.

ಚೀಸ್ ವಿಚಾರದಲ್ಲಿ ಸ್ವಲ್ಪ ನಿಲ್ಲಿ. ಅಸಲಿ ಡೆಟ್ರಾಯ್ಟ್‌ಗೆ ವಿಸ್ಕಾನ್ಸಿನ್ ಬ್ರಿಕ್ ಚೀಸ್, ಬೆಣ್ಣೆ ಥರ ಕರಗತ್ತೆ, ಎಲ್ಲಾ ಅಂಗಡೀಲಿ ಸಿಗಲ್ಲ. ಸಿಗದಿದ್ರೆ ನೀರಿನಂಶ ಕಮ್ಮಿ ಇರೋ ಮೊಝರೆಲಾ ಮುಕ್ಕಾಲು ಪಾಲು, ಮಾಂಟೆರೆ ಜ್ಯಾಕ್ ಕಾಲು ಪಾಲು. ಗಟ್ಟಿ ತಂದು ಅರ್ಧ ಇಂಚಿನ ಚೌಕ ಕತ್ತರಿಸಿ, ಒಟ್ಟು 340 ಗ್ರಾಂ. ತುರಿದ ಪ್ಯಾಕೆಟ್ ಬೇಡ, ಅಂಟದೇ ಇರ್ಲಿ ಅಂತ ಅದಕ್ಕೆ ಸ್ಟಾರ್ಚೋ ಸೆಲ್ಯುಲೋಸೋ ಬೆರೆಸಿರ್ತಾರೆ, ಸರಿಯಾಗಿ ಕರಗಲ್ಲ. ಸಸ್ಯಾಹಾರಿಗಳು ಪ್ಯಾಕೆಟ್ ಹಿಂದೆ ಓದ್ಲೇಬೇಕು, ಚೀಸ್ ಮಾಡೋವಾಗ ಹಾಲು ಗಟ್ಟಿಯಾಗಲಿ ಅಂತ ರೆನೆಟ್ ಅನ್ನೋದನ್ನ ಹಾಕ್ತಾರೆ, ಬರೀ ಎನ್ಜೈಮ್ಸ್ ಅಂತ ಇದ್ರೆ ಪ್ರಾಣಿದಾ ಅಲ್ವಾ ಗೊತ್ತಾಗಲ್ಲ, ಮೈಕ್ರೋಬಿಯಲ್ ಅಥವಾ ವೆಜಿಟೆಬಲ್ ರೆನೆಟ್ ಅಂತ ಬರೆದಿದ್ರೆ ನಿಶ್ಚಿಂತೆ. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಅನ್ನೋ ಗಟ್ಟಿ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್ಟೇ ಹಾಕ್ಬೇಕು ಅಂತ ನಿಯಮ ಇದೆ, ನನಗಿದು ಗೊತ್ತಾಗಿದ್ದು ಇಲ್ಲಿಗೆ ಬಂದು ನಾಲ್ಕು ವರ್ಷ ಅದನ್ನ ಉದುರಿಸ್ಕೊಂಡು ತಿಂದ ಮೇಲೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಜೋಡಿಸೋ ಕ್ರಮ ಉಲ್ಟಾ. ಮೊದಲು ಚೀಸ್, ಅದೂ ಅಂಚಿಂದ ಶುರು, ತಟ್ಟೆ ಗೋಡೆಗೆ ತಾಗೋ ಹಾಗೆ ಒತ್ತೊತ್ತಾಗಿ ಸುತ್ತಲೂ ಸಾಲು ಕಟ್ಟಿ, ಉಳಿದಿದ್ದು ಮಧ್ಯಕ್ಕೆ. ಈರುಳ್ಳಿ ಕ್ಯಾಪ್ಸಿಕಂ ಹಾಕೋದಾದ್ರೆ ಬಾಣಲೇಲಿ ಒಂದು ಸುತ್ತು ಬಾಡಿಸಿ ನೀರು ಇಂಗಿಸಿ ಹಾಕಿ. ಸಾಸ್ ಕೊನೇಲಿ, ಮೇಲೆ, ಉದ್ದಕ್ಕೆ ಎರಡೋ ಮೂರೋ ಪಟ್ಟೆ, ಅದಕ್ಕೇ ಹಿಟ್ಟು ಹಸಿ ಆಗಲ್ಲ. ಸಾಸ್ ಅಂದ್ರೆ ದೊಡ್ಡ ವಿಷಯ ಏನಲ್ಲ, ಡಬ್ಬಿಯ ಕ್ರಶ್ಡ್ ಟೊಮೆಟೊ ಅರ್ಧ, ಬೆಳ್ಳುಳ್ಳಿ, ಒಣ ಒರೆಗಾನೊ, ಚಿಟಿಕೆ ಸಕ್ಕರೆ, ಉಪ್ಪು, ಗೊಜ್ಜಿನ ಹದಕ್ಕೆ ಬರೋವರೆಗೂ ಕುದಿಸಿ. ನಾನು ಒಂದು ಒಣಮೆಣಸಿನಕಾಯಿ ಮುರಿದು ಹಾಕ್ತೀನಿ, ಬ್ಯಾಡಗಿ.

ಹದಿಮೂರರಿಂದ ಹದಿನೈದು ನಿಮಿಷ. ಹತ್ತನೇ ನಿಮಿಷಕ್ಕೆ ಅಂಚು ಕಪ್ಪಾಗ್ತಿರೋ ಹಾಗೆ ಕಾಣತ್ತೆ, ಸೀದೋಯ್ತು ಅಂತ ಗಾಬರಿ ಆಗತ್ತೆ, ನಾನು ಮೊದಲನೇ ಸಲ ಹಾಗೇ ತೆಗೆದು ಕತ್ತರಿಸಿದ್ರೆ ತಳ ಬಿಳಿಚಿಕೊಂಡು ಬೇಯದ ಇಡ್ಲಿ ಥರ. ತಡೀರಿ. ಅಂಚು ಕಡು ಕಂದು ಆಗೋವರೆಗೂ ಬಿಡಿ. ತೆಗೆದ ಮೇಲೆ ಎರಡು ನಿಮಿಷ, ಜಾಸ್ತಿ ಬೇಡ, ತೆಳ್ಳಗಿನ ಸಟ್ಟುಗ, ದೋಸೆ ಎಬ್ಬಿಸ್ತೀರಲ್ಲ ಅದೇ, ಸುತ್ತಲೂ ಆಡಿಸಿ ಬಿಡಿಸಿ ಪೂರ್ತಿ ಎತ್ತಿ ಜಾಲರಿ ಮೇಲೆ ಇಡಿ. ತಟ್ಟೇಲೇ ಬಿಟ್ರೆ ಹಬೆಗೆ ತಳ ಮೆತ್ತಗಾಗತ್ತೆ, ಚೀಸ್ ಗೋಡೆ ತಟ್ಟೆಗೆ ಕಚ್ಕೊಳತ್ತೆ.

ಖರ್ಚು ಎಷ್ಟು ಅಂದ್ರೆ, ನಾನು ತರೋ ರೇಟಲ್ಲಿ ಹಿಟ್ಟು ಮುಕ್ಕಾಲು ಡಾಲರ್, ಚೀಸ್ ನಾಲ್ಕೂಕಾಲು, ಟೊಮೆಟೊ ಒಂದೂಕಾಲು, ಎಣ್ಣೆ ತರಕಾರಿ ಎಲ್ಲಾ ಸೇರಿ ಏಳು ಡಾಲರ್ ಒಳಗೆ. ಎರಡು ಮಾಡಿದ್ರೆ ಹದಿನಾಲ್ಕು. ಟಿಪ್ ಕೇಳೋರು ಯಾರೂ ಇಲ್ಲ, ಪಾತ್ರೆ ಮಾತ್ರ ನೀವೇ ತೊಳೀಬೇಕು.

ಬೆಂಗಳೂರು ಮೈಸೂರಲ್ಲಿ ಓಟಿಜಿ ಇಟ್ಕೊಂಡಿರೋರೂ ಧೈರ್ಯವಾಗಿ ಮಾಡಿ. 250 ಸೆಂಟಿಗ್ರೇಡ್ ಬಂದ್ರೆ ಸಾಕು, ನಾಲ್ಕೈದು ನಿಮಿಷ ಜಾಸ್ತಿ ಇಡಿ, ತಟ್ಟೆ ನಿಮ್ಮ ಓವನ್‌ಗೆ ಹಿಡಿಯೋ ದಪ್ಪ ಕೇಕ್ ಟಿನ್ ಆದ್ರೂ ಆಗತ್ತೆ. ನಮ್ಮ ಮೈದಾ ಇಲ್ಲಿನ ಬ್ರೆಡ್ ಫ್ಲೋರ್‌ನಷ್ಟು ನೀರು ಕುಡಿಯಲ್ಲ, 300 ಗ್ರಾಂಗೆ 195ರಿಂದ ಶುರು ಮಾಡಿ. ಚಿಕ್ಕ ಟಿನ್ ಆದ್ರೆ ಎಲ್ಲಾ ಮುಕ್ಕಾಲು ಪಾಲು ಮಾಡ್ಕೊಳ್ಳಿ.

ಇನ್ನು ಹೊರಗೆ ಹೋಗೋ ದಿನದ ಮಾತು. ಮೆನುವಲ್ಲಿ ಇಂಚು ನೋಡಿ, ಬೆಲೆ ಆಮೇಲೆ. 10 ಇಂಚಿನ ರೌಂಡ್ ಪಿಜ್ಜಾ ಅಂದ್ರೆ 79 ಚದರ ಇಂಚು, 14 ಇಂಚಿಂದು 154, ಹೆಚ್ಚುಕಮ್ಮಿ ಎರಡರಷ್ಟು, ಬೆಲೆ ಮಾತ್ರ ಎರಡರಷ್ಟು ಇರೋದು ಕಮ್ಮಿ. 12 ಇಂಚಿನ ಎರಡು ಸೇರಿದ್ರೆ 226, 18 ಇಂಚಿನ ಒಂದೇ 254, ಮಕ್ಕಳಿಗೆ ಬೇರೆ ಬೇರೆ ಟಾಪಿಂಗ್ ಬೇಕಂದ್ರೆ ಅರ್ಧ ಅರ್ಧ ಹಾಕಿಸಿ. ಡೆಲಿವರಿ ಆ್ಯಪ್ ಬಿಟ್ಟು ಫೋನ್ ಮಾಡಿ ನೀವೇ ಹೋಗಿ ತನ್ನಿ, ಆ್ಯಪಲ್ಲಿ ಎಷ್ಟೋ ಕಡೆ ಐಟಂ ಬೆಲೆನೇ ಜಾಸ್ತಿ ಇರತ್ತೆ, ಅದರ ಮೇಲೆ ಸರ್ವಿಸ್ ಫೀ, ಡೆಲಿವರಿ ಫೀ, ಟಿಪ್ಪು. ಕೂತು ತಿನ್ನೋದಾದ್ರೆ ಮಧ್ಯಾಹ್ನ ಹೋಗಿ, ಲಂಚ್ ರೇಟ್ ಇರೋ ಜಾಗ ಬೇಕಾದಷ್ಟಿವೆ, ಕೋಕಿನ ಬದಲು ನೀರು. ಟಿಪ್‌ನಲ್ಲಿ ಮಾತ್ರ ಕಂಜೂಸಿ ಮಾಡ್ಬೇಡಿ, ಟಿಪ್ ಮೇಲೆ ಬದುಕೋ ಕೆಲಸದವರಿಗೆ ಇಲ್ಲಿ ಮಾಲೀಕ ಕೊಡ್ಬೇಕಾದ ಕೂಲಿ ಕನಿಷ್ಠ ಕೂಲಿಯ ಅರ್ಧ ಕೂಡ ಇಲ್ಲ. ಕೌಂಟರ್‌ನಲ್ಲಿ ನೀವೇ ತಗೊಂಡು ಬರೋ ಡಬ್ಬಕ್ಕೆ 20% ಕೇಳೋ ಮೆಷಿನ್ ಇದ್ಯಲ್ಲ, ಅದಕ್ಕೆ ಏನು ಒತ್ತಬೇಕು ಅಂತ ನಿಮ್ಮಿಷ್ಟ, ನಾನು ಒಂದು ಡಾಲರ್ ಹಾಕಿ ಬರ್ತೀನಿ.

ಉಳಿದ ತುಂಡನ್ನ ಮೈಕ್ರೋವೇವ್‌ಗೆ ಹಾಕಿದ್ರೆ ರಬ್ಬರ್ ಚಪ್ಪಲಿ. ದೋಸೆ ಹಂಚು ಸಣ್ಣ ಉರೀಲಿ ಇಟ್ಟು ತುಂಡು ಇಟ್ಟು ಮೂರು ನಿಮಿಷ, ತಳ ಗರಿ ಆದ್ಮೇಲೆ ಪಕ್ಕದಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ತಟ್ಟೆ ಮುಚ್ಚಿ ಅರ್ಧ ನಿಮಿಷ, ಹಬೆಗೆ ಚೀಸ್ ಮತ್ತೆ ಕರಗತ್ತೆ. ಮೂಲೆ ತುಂಡು ಉಳಿದಿದ್ರೆ ಬಿಸಿ ಕೂಡ ಮಾಡ್ಬೇಡಿ, ಬೆಳಗ್ಗೆ ಕಾಫಿ ಜೊತೆ ಹಾಗೇ ತಿನ್ನಿ, ಬೇರೆಯವರು ಏಳೋದ್ರೊಳಗೆ.